ಗ್ರಂಥಾಲಯ ಸೇವಾಧುರೀಣ ಎಸ್. ಆರ್. ರಂಗನಾಥನ್‌ರವರು

ಬಸವಕಲ್ಯಾಣ, ಹುಮನಾಬಾದ್ ಪಟ್ಟಣಗಳ ಗೃಹಸ್ಥರು ಮನೆತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಸಲ್ಲಿಸುತ್ತಾರೆ. ಈ ಅಲ್ಪ ಮೊತ್ತದ ಹಿಂದೆ ಓರ್ವ ಮಹನೀಯರ ಜೀವಮಾನದ ದುಡಿಮೆಯಿರುವುದು. ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಅದನ್ನು ಅರಿಯಲೆಂದು ಅವರ ಚರಿತ್ರೆಯನ್ನು ಸಂಗ್ರಹವಾಗಿ ಬರೆಯುತ್ತೇವೆ.

ಶಿಯಾಳಿ ರಾಮಾಮೃತ ರಂಗನಾಥನ್‌ರವರು 1892ನೆಯ ಇಸವಿಯಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. ಆದರೂ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತವನ್ನು ವ್ಯಾಸಂಗಮಾಡಿ 1916ರಲ್ಲಿ ಎಂ. ಎ. ಪದವಿಯನ್ನು ಪಡೆದರು. ಮರುವರ್ಷ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಅಧ್ಯಾಪಕರಾದರು.

1924ರಲ್ಲಿ ಮದರಾಸು ವಿಶ್ವವಿದ್ಯಾಲಯವು ಅವರನ್ನು ಗ್ರಂಥಪಾಲಕರನ್ನಾಗಿ ನೇಮಿಸಿತು. ಓದುಗರು ವಿರಳವಾಗಿದ್ದ ಆ ಸ್ಥಳವು ಅವರಿಗೆ ರುಚಿಸದೆ, ಬೋಧನೆಗೆ ಮರಳಲು ಬಯಸಿದರು. ಆದರೆ ಲಂಡನ್ನಿಗೆ ಹೋಗಿ ವ್ಯಾಸಂಗಮಾಡಿದಾಗ, ಅಲ್ಲಿನ ಗ್ರಂಥಾಲಯಗಳು ಕೂಲಿಕಾರರಿಗೂ ಸ್ತ್ರೀಯರಿಗೂ ಮಕ್ಕಳಿಗೂ ಸಲ್ಲಿಸುತ್ತಿದ್ದ ಸೇವೆಯನ್ನು ಕಂಡು ಅವರ ಮನಸ್ಸು ಪೂರ್ಣವಾಗಿ ಪರಿವರ್ತನೆಹೊಂದಿತು. 1925ರಲ್ಲಿ ಹಿಂದಿರುಗಿ, ಓದುಗರೇ ಕಪಾಟಿನ ಬಳಿ ಸಾರಿ ಪುಸ್ತಕವನ್ನು ಆರಿಸಿಕೊಳ್ಳುವ ಪದ್ಧತಿಯನ್ನು ಆಚರಣೆಗೆ ತಂದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘದ ಸ್ಥಾಪನೆಗೆ ಕಾರಣರಾದರು. 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಅದೇ ವರ್ಷ ಮನ್ನಾರ್ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳು ಹೊರಟವು.

ದಾನಿಗಳ ಔದಾರ್ಯದಿಂದ ನಡೆಯುವ ಗ್ರಂಥಾಲಯವು ದಾನಿಯೊಡನೆಯೇ ಸೊರಗಬಹುದು. ಚಂದಾ ಕೇಳುವ ಗ್ರಂಥಾಲಯದೊಳಗೆ ಬಡವರು ಕಾಲಿಡಲಾರರು. ಆದುದರಿಂದ ಶಾಸನದ ಆಧಾರವೇ ಬೇಕೆಂದು ರಂಗನಾಥನ್‌ರವರು ಸಾಧಿಸಿ, 1930ರಲ್ಲಿಯೇ ಮಾದರಿ ಮಸೂದೆಯೊಂದನ್ನು ರಚಿಸಿದರು. ಹದಿನೆಂಟು ವರ್ಷಗಳ ತಾಳ್ಮೆಯ ತರುವಾಯ 1948ರಲ್ಲಿ ಮದರಾಸು ಪ್ರಾಂತ್ಯದಲ್ಲಿ ಗ್ರಂಥಾಲಯ ಶಾಸನವಾಯಿತು. ನಮ್ಮ ಬೀದರ ಜಿಲ್ಲೆಯು ಆಗ ಸೇರಿದ್ದ ಹೈದರಾಬಾದು ರಾಜ್ಯವು 1955ರಲ್ಲಿ ಅಂತಹ ಶಾಸನವನ್ನು ಮಾಡಿತು. 1956ರ ಏಕೀಕರಣದ ಬಳಿಕ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆ ರಾಜ್ಯವು 1965ರಲ್ಲಿ ತನ್ನ ಶಾಸನವನ್ನು ರಚಿಸಿತು. ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ರಂಗನಾಥನ್‌ರವರು, 1962ರಲ್ಲಿ ಅಲ್ಲಿ ಗ್ರಂಥಾಲಯಶಾಸ್ತ್ರದ ಶಿಕ್ಷಣಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅಲ್ಲಿಯೇ ದೈವಾಧೀನರಾದರು.

ಶಾಲೆಯನ್ನು ಬಿಟ್ಟೊಡನೆ ಪುಸ್ತಕವನ್ನೂ ಬಿಡುವ ಹೆಣ್ಣುಮಕ್ಕಳನ್ನು ನಾವು ಪ್ರತಿವರ್ಷವೂ ವ್ಯಸನದಿಂದ ಕಾಣುತ್ತೇವೆ. ಪೋಷಕರೇ, ಕರವನ್ನು ನೀವು ತೆರುತ್ತಿರುವಿರಿ. ಆ ಬಾಗಿಲು ನಿಮ್ಮ ಪುತ್ರಿಯರಿಗೂ ತೆರೆದಿದೆ. ಅವರನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ. ಹಳೆಯ ವಿದ್ಯಾರ್ಥಿನಿಯರೇ, ನೀವು ಮಕ್ಕಳ ಕೈಹಿಡಿದು ಹೋಗಿರಿ. ಓದುಗರಿಲ್ಲದೆ ಪುಸ್ತಕಗಳು ಧೂಳು ಹಿಡಿದರೆ ಆ ಮಹನೀಯರ ಶ್ರಮವು ಅರ್ಧಕ್ಕೇ ನಿಂತಂತಾಗುವುದು.