ಒಂದನೆಯ ಮಂಗರಾಜ: ವಿಷವೈದ್ಯವೂ ಭಾವನಾಮಗಳೂ

ಕನ್ನಡ ಶಾಸ್ತ್ರಸಾಹಿತ್ಯದಲ್ಲಿ ‘ಖಗೇಂದ್ರಮಣಿದರ್ಪಣ’ದ ಕರ್ತೃವಾದ ಒಂದನೆಯ ಮಂಗರಾಜನ ಸ್ಥಾನ ವಿಶಿಷ್ಟವಾದುದು. ಆತನ ಕಾಲವನ್ನು ಸುಮಾರು ಕ್ರಿ.ಶ. ೧೩೬೦ ಎಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ೧೩೯೮ರಲ್ಲಿ ನಿಘಂಟು ರಚಿಸಿದ ಅಭಿನವ ಮಂಗರಾಜನೂ, ೧೫೦೮ರ ಸುಮಾರಿನಲ್ಲಿದ್ದ, ‘ಜಯನೃಪಕಾವ್ಯ’ ಹಾಗೂ ‘ಸೂಪಶಾಸ್ತ್ರ’ಗಳ ಕರ್ತೃವಾದ ಮೂರನೆಯ ಮಂಗರಸನೂ ಈತನಿಂದ ಭಿನ್ನರು. ಹೆಸರಿನ ಸಾಮ್ಯದಿಂದ ಇವರ ಕೃತಿಗಳನ್ನು ಬೆರೆಸಬಾರದು.

ಮಂಗರಾಜ ಜೈನಕವಿ, ಮುಗುಳಿಪುರದವನು. ವಿಜಯನಗರದ ಹರಿಹರರಾಯನ ಕಾಲದೊಡನೆ ಆತನ ಹೆಸರು ಸೇರಿದೆ. ಪೂಜ್ಯಪಾದನನ್ನು ಗುರುವೆಂದು ಭಾವಿಸಿದವನು. ಆದರೆ ಈ ಪೂಜ್ಯಪಾದನನ್ನು, ಎಂಟು ಶತಮಾನಗಳಷ್ಟು ಹಿಂದಿನ ವೈಯಾಕರಣ ದೇವನಂದಿಯೊಡನೆ ಸಮೀಕರಿಸಿ ಪ್ರತ್ಯಕ್ಷ ಶಿಷ್ಯತ್ವವನ್ನು ಊಹಿಸುವುದು ಕಾಲದೃಷ್ಟಿಯಿಂದ ಸಾಧ್ಯವಿಲ್ಲ. ಪರಂಪರೆಯ ಗೌರವವೆಂದೋ ಅದೇ ಹೆಸರಿನ ಬೇರೊಬ್ಬ ಆಚಾರ್ಯನೆಂದೋ ಇದನ್ನು ಗ್ರಹಿಸಬೇಕಾಗುತ್ತದೆ.

ಖಗೇಂದ್ರನೆಂದರೆ ಗರುಡ, ಗರುಡಮಣಿ ವಿಷಹರವೆಂಬುದು ಪ್ರಾಚೀನರ ನಂಬಿಕೆ. ಹದಿನಾರು ಅಧಿಕಾರಗಳ ಈ ಗ್ರಂಥ ಸ್ಥಾವರ ಮತ್ತು ಜಂಗಮ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ನಿರೂಪಿಸುತ್ತದೆ. ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಕೀರ್ತಿವರ್ಮನ ‘ಗೋವೈದ್ಯ’ಗಳು ಹನ್ನೆರಡನೆಯ ಶತಮಾನದಲ್ಲಿಯೇ ಹಾಕಿಕೊಟ್ಟ ದಾರಿಯಲ್ಲಿ ಮಂಗರಾಜ ನಡೆದನು.

ಈ ದಾರಿಯಲ್ಲಿ ಭಾಷೆಯ ಸಮಸ್ಯೆ ಸಣ್ಣದಾಗಿರಲಿಲ್ಲ. ಚರಕಸಂಹಿತೆ ವಿಷಚಿಕಿತ್ಸೆಗೆ ಇಪ್ಪತ್ತನಾಲ್ಕು ಉಪಕ್ರಮಗಳನ್ನು ಹೇಳುತ್ತದೆ. ಉತ್ಕರ್ತನ, ನಿಷ್ಪೀಡನ, ಚೂಷಣ, ವಮನ ಮೊದಲಾದ ಇವುಗಳಲ್ಲಿ ಬಹುಪಾಲು ಧಾತುಗಳಿಂದ ಹುಟ್ಟಿದ ನಾಮಪದಗಳೇ. ವೈದ್ಯಶಾಸ್ತ್ರಕ್ಕೆ ಕ್ರಿಯಾಪದವೊಂದೇ ಸಾಲದು; ಕ್ರಿಯೆಯನ್ನು ಹೆಸರಾಗಿಸಿದಾಗ ಮಾತ್ರ ಅದನ್ನು ಎಣಿಸಲು, ವರ್ಗೀಕರಿಸಲು, ಕ್ರಮವಾಗಿ ಹೇಳಲು ಸಾಧ್ಯ. ಇದಕ್ಕೆ ಬೇಕಾದ ಸಾಧನ ಕನ್ನಡದಲ್ಲಿಯೂ ಇತ್ತು. ಊದು ಎಂಬುದರಿಂದ ಊತ, ನಡುಗು ಎಂಬುದರಿಂದ ನಡುಕ, ಕಡಿ ಎಂಬುದರಿಂದ ಕಡಿತ, ನೋ ಎಂಬುದರಿಂದ ನೋವು, ಬಾಯಾರು ಎಂಬುದರಿಂದ ಬಾಯಾರಿಕೆ ಸಿದ್ಧಿಸುತ್ತವೆ. ಧಾತುವಿನಿಂದ ನಾಮ ನಿಷ್ಪನ್ನವಾಗುವ ಬಗೆಯನ್ನು ಕೇಶಿರಾಜನು ಸುಮಾರು ೧೨೬೦ರಲ್ಲಿ, ಅಂದರೆ ಮಂಗರಾಜನಿಗಿಂತ ಒಂದು ಶತಮಾನ ಮುಂಚೆ, ‘ಶಬ್ದಮಣಿದರ್ಪಣ’ದಲ್ಲಿ ವಿವೇಚಿಸಿದ್ದನು.

ಈ ಎರಡು ಬಗೆಯ ಪದಗಳ ನಡುವೆ ಒಂದು ಅಂತರವಿದೆ. ಊತವೆಂದೊಡನೆ ಊದುವ ಕ್ರಿಯೆ ಕೇಳುಗನಿಗೆ ತಾನಾಗಿ ಕಾಣುತ್ತದೆ. ನಿಷ್ಪೀಡನದಲ್ಲಿ ಹಿಂಡುವ ಕ್ರಿಯೆ ಸಂಸ್ಕೃತಜ್ಞನಿಗೆ ಮಾತ್ರ ಗೋಚರ. ಕಾಲ ಮೀರುವುದರೊಳಗೆ ಚಿಕಿತ್ಸೆ ನಡೆಯಬೇಕಾದ ವಿಷವೈದ್ಯದಲ್ಲಿ ಈ ಅಂತರ ಪ್ರಾಣಕ್ಕೆ ಸಂಬಂಧಿಸಿದುದು. ಹದಿನಾಲ್ಕು, ಹದಿನೈದನೆಯ ಶತಮಾನಗಳಲ್ಲಿ ಲ್ಯಾಟಿನ್ನಿನಿಂದ ವೈದ್ಯವನ್ನು ತಮ್ಮ ಭಾಷೆಗೆ ತಂದ ಇಂಗ್ಲಿಷರೂ ಲ್ಯಾಟಿನ್–ಫ್ರೆಂಚ್ ಮೂಲದ ಭಾವನಾಮಗಳ ಜೊತೆಯಲ್ಲಿ ದೇಶೀಯ ಪ್ರತ್ಯಯದವನ್ನೂ ಬಳಸಿದರೆಂಬುದು ಹೋಲಿಕೆಗೆ ಯೋಗ್ಯವಾದ ಸಂಗತಿ.

‘ಖಗೇಂದ್ರಮಣಿದರ್ಪಣ’ವನ್ನು ಮದ್ರಾಸು ವಿಶ್ವವಿದ್ಯಾಲಯ ೧೯೪೨ರಲ್ಲಿ ಪ್ರಕಟಿಸಿತು. ಹಾವು ಕಡಿದ ಗಾಯವನ್ನು ಕೊಯ್ಯುವುದನ್ನಾಗಲಿ ಹೀರುವುದನ್ನಾಗಲಿ ಇಂದಿನ ವೈದ್ಯವಿಜ್ಞಾನ ಒಪ್ಪುವುದಿಲ್ಲ. ಪ್ರತಿವಿಷದ ಚುಚ್ಚುಮದ್ದೇ ಅದರ ಮಾರ್ಗ. ಆದ್ದರಿಂದ ಹಳೆಯ ವಿಷವೈದ್ಯದ ಚಿಕಿತ್ಸಾವಿಧಾನಗಳಿಗೆ ಈಗ ಐತಿಹಾಸಿಕ ಮಹತ್ವವಷ್ಟೇ ಉಳಿದಿದೆ. ಪ್ರಾಣರಕ್ಷಣೆಯ ಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೆಂಬ ಮಂಗರಾಜನ ನಿಲುವು ಮಾತ್ರ ಹಳತಾಗಿಲ್ಲ. ಆತನ ಬದುಕಿನ ವಿವರಗಳು ಕೆಲವೇ ಆದರೂ ಈ ನಿಲುವೇ ಆತನ ಚರಿತ್ರೆಯ ತಿರುಳೆನ್ನಬಹುದು.