ಬ್ಯಾಂಕಾಕ್‌ನಲ್ಲಿ ಬಲ್ಲಾಳ್ ತಡೆದ ಎರಡು ಚೆಂಡು

ಮಕ್ಕಳೇ, ನಿಮ್ಮಲ್ಲಿ ಅನೇಕರು ಮಂಜುಗಡ್ಡೆಯ ಮೇಲಿನ ಹಾಕಿ ನೋಡಿಯೇ ಬೆಳೆದವರು. ನಾನು ಹೇಳಹೊರಟಿರುವುದು ಮೈದಾನದ ಹಾಕಿಯ ಕಥೆ, ಬೆಂಗಳೂರಿನ ಗೋಲ್‌ಕೀಪರ್ ಆಶಿಶ್ ಬಲ್ಲಾಳ್ ಅವರದು.

1998ರ ಡಿಸೆಂಬರ್, ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನ ಫೈನಲ್. ಭಾರತದ ಎದುರಿಗಿದ್ದದ್ದು ದಕ್ಷಿಣ ಕೊರಿಯಾ. ನಾಲ್ಕು ವರ್ಷ ಹಿಂದೆ ಹಿರೋಷಿಮಾ ಫೈನಲ್‌ನಲ್ಲಿ ನಮ್ಮನ್ನು ಸೋಲಿಸಿದವರೂ ಅವರೇ. ಅದಕ್ಕೂ ಹಿಂದೆ ಪಾಕಿಸ್ತಾನದ ಎದುರು ಫೈನಲ್ ಸೋತದ್ದು ಒಂದೆರಡು ಸಲವಲ್ಲ. 1982ರಲ್ಲಿ ನಮ್ಮ ದೆಹಲಿಯಲ್ಲೇ 7-1ರ ಸೋಲು! ಅಲ್ಲಿಯವರೆಗೆ ಏಷ್ಯನ್ ಗೇಮ್ಸ್ ಹಾಕಿ ಚಿನ್ನ ಭಾರತಕ್ಕೆ ಕೊನೆಯದಾಗಿ ಸಿಕ್ಕಿದ್ದು 1966ರಲ್ಲಿ, ಇದೇ ಬ್ಯಾಂಕಾಕ್‌ನಲ್ಲಿ. ಆಗಿನ ನಾಯಕ ಶಂಕರ್ ಲಕ್ಷ್ಮಣ್ ಕೂಡ ಗೋಲ್‌ಕೀಪರೇ.

ಧನರಾಜ್ ಪಿಳ್ಳೈ ನಾಯಕತ್ವದ ತಂಡ ಕೊರಿಯಾದೊಂದಿಗೆ 1-1ರಲ್ಲಿ ಸಮ ಮಾಡಿಕೊಂಡಿತು. ತೀರ್ಮಾನಕ್ಕೆ ಉಳಿದದ್ದು ಪೆನಾಲ್ಟಿ ಸ್ಟ್ರೋಕ್, ಅಂದರೆ ಕೀಪರ್ ಒಬ್ಬರೇ ಎದುರಿಗಿರುವಾಗ ಗೋಲಿಗೆ ಹೊಡೆಯುವ ಹೊಡೆತ.

ಅದನ್ನು ತಡೆಯುವುದು ಎಂಥ ಕಷ್ಟದ ಕೆಲಸ ಗೊತ್ತೇ? ಗೋಲಿನ ಅಗಲ 3.66 ಮೀಟರ್, ಎತ್ತರ 2.14 ಮೀಟರ್. ಚೆಂಡು ಇಟ್ಟಿರುವುದು ಬರೀ 6.4 ಮೀಟರ್ ದೂರದಲ್ಲಿ. ಎದುರಾಳಿ ಚೆಂಡು ಆಡುವವರೆಗೆ ಕೀಪರ್ ಗೋಲಿನ ಗೆರೆ ಬಿಟ್ಟು ಕಾಲು ಕದಲಿಸುವಂತಿಲ್ಲ. ಕಾಲಿಗೆ ದಪ್ಪ ಪ್ಯಾಡು, ಮುಖಕ್ಕೆ ಹೆಲ್ಮೆಟ್ಟು, ಇಷ್ಟೆಲ್ಲ ಹೊತ್ತು ಎಡಕ್ಕೋ ಬಲಕ್ಕೋ ಕ್ಷಣದೊಳಗೆ ಹಾರಬೇಕು. ಗೋಲಾದರೆ ಯಾರಿಗೂ ಆಶ್ಚರ್ಯವಿಲ್ಲ, ಸ್ಟ್ರೋಕ್ ಎಂದರೆ ಗೋಲೇ ಎಂದು ಎಲ್ಲರೂ ಲೆಕ್ಕ ಹಾಕಿರುತ್ತಾರೆ.

ಬಲ್ಲಾಳ್ ಎರಡು ಸ್ಟ್ರೋಕ್ ತಡೆದರು. ಭಾರತಕ್ಕೆ 4-2ರ ಗೆಲುವು. ಮೂವತ್ತೆರಡು ವರ್ಷಗಳ ನಂತರ ಚಿನ್ನ.

ಧನರಾಜ್ ಮಿಂಚಿನ ಓಟದ ಮಹಾನ್ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ಚಿನ್ನದಲ್ಲಿ ದೊಡ್ಡ ಪಾಲು ಬಲ್ಲಾಳ್ ಅವರದೇ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಗೋಲು ಹೊಡೆದವರ ಹೆಸರು ಸ್ಕೋರ್‌ಪಟ್ಟಿಯಲ್ಲಿ ಉಳಿಯುತ್ತದೆ, ತಡೆದವರದನ್ನು ನಾವೇ ಹೇಳುತ್ತಿರಬೇಕು. ಬಲ್ಲಾಳ್ ಅವರಿಗೆ ಅರ್ಜುನ ಪ್ರಶಸ್ತಿಯೂ ಬಂದಿದೆ. ಅದೇ ದಶಕದಲ್ಲಿ ಭಾರತದ ಗೋಲು ಕಾದ ಇನ್ನೊಬ್ಬರು ನಮ್ಮ ಕೊಡಗಿನ ಎ. ಬಿ. ಸುಬ್ಬಯ್ಯ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಹೋಗಿದ್ದ ತಂಡದಲ್ಲಿ ಅವರಿದ್ದರು.

ಈಗ ಸಮವಾದ ಪಂದ್ಯಗಳು ಸ್ಟ್ರೋಕಿನಿಂದ ತೀರ್ಮಾನವಾಗುವುದಿಲ್ಲ, ಶೂಟೌಟ್‌ನಿಂದ ಆಗುತ್ತವೆ. ಆಟಗಾರ 23 ಮೀಟರ್ ಗೆರೆಯಿಂದ ಚೆಂಡು ತಂದು ಎಂಟು ಸೆಕೆಂಡಿನಲ್ಲಿ ಗೋಲು ಹೊಡೆಯಬೇಕು. ಕೀಪರ್ ಮುಂದೆ ನುಗ್ಗಿ ತಡೆಯಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಬ್ರಿಟನ್ ಎದುರು ಕೇರಳದ ಗೋಲ್‌ಕೀಪರ್ ಶ್ರೀಜೇಶ್ ಹಾಗೆ ತಡೆದದ್ದನ್ನು ನಿಮ್ಮಲ್ಲಿ ಕೆಲವರು ಟಿವಿಯಲ್ಲಿ ನೋಡಿರುತ್ತೀರಿ. ಆ ಪಂದ್ಯವೂ 1-1ರಲ್ಲಿ ನಿಂತು, ಶೂಟೌಟ್‌ನಲ್ಲಿ 4-2ಕ್ಕೆ ನಮ್ಮದಾಯಿತು.