ಬೆವರ್ಲಿಯಲ್ಲಿ ಸೋತ ಕಾದಂಬರಿಕಾರ

ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತ್ಯದ ಬೆವರ್ಲಿ ಎಂಬ ಪಟ್ಟಣದಲ್ಲಿ 1868ರ ನವೆಂಬರ್ 17ರಂದು ಪಾರ್ಲಿಮೆಂಟಿನ ಎರಡು ಸ್ಥಾನಗಳಿಗೆ ಮತದಾನ ನಡೆಯಿತು. ಕಣದಲ್ಲಿದ್ದವರು ನಾಲ್ವರು. 740 ಮತ ಪಡೆದು ಕಟ್ಟಕಡೆಯ ಸ್ಥಾನಕ್ಕೆ ಇಳಿದ ಲಿಬರಲ್ ಅಭ್ಯರ್ಥಿ ಸಾಮಾನ್ಯ ವ್ಯಕ್ತಿಯೇನೂ ಆಗಿರಲಿಲ್ಲ. ಆ ಹೊತ್ತಿಗೆ ಇಂಗ್ಲಿಷ್ ಓದುಗರ ಮನೆಮಾತಾಗಿದ್ದ ಕಾದಂಬರಿಕಾರ ಆ್ಯಂಟನಿ ಟ್ರಾಲಪ್ ಅವರೇ ಆ ಸೋತ ಅಭ್ಯರ್ಥಿ.

ಟ್ರಾಲಪ್ ಜನಿಸಿದ್ದು 1815ರ ಏಪ್ರಿಲ್ 24ರಂದು, ಲಂಡನ್ನಿನಲ್ಲಿ. ತಂದೆ ವಕೀಲಿಯಲ್ಲಿ ಸೋತವರು, ಬೇಸಾಯದಲ್ಲೂ ಸೋತವರು. ಶ್ರೀಮಂತರ ಮಕ್ಕಳು ಓದುತ್ತಿದ್ದ ಹ್ಯಾರೋ ಶಾಲೆಯಲ್ಲಿ ಬಡ ಹುಡುಗನಾಗಿ ಅನುಭವಿಸಿದ ಅವಮಾನ ಅವರನ್ನು ಕೊನೆಯತನಕ ಕಾಡಿತು. ಸಾಲಗಾರರ ಕಾಟಕ್ಕೆ ಕುಟುಂಬ 1834ರಲ್ಲಿ ಬೆಲ್ಜಿಯಂಗೆ ಓಡಬೇಕಾಯಿತು. ಮನೆಯನ್ನು ಸಾಕಿದ್ದು ತಾಯಿ ಫ್ರಾನ್ಸಿಸ್ ಅವರ ಲೇಖನಿ. ಅದೇ ವರ್ಷ ಆ್ಯಂಟನಿ ವಾರ್ಷಿಕ 90 ಪೌಂಡ್ ಸಂಬಳದ ಅಂಚೆ ಗುಮಾಸ್ತರಾದರು. ಪಾರ್ಲಿಮೆಂಟಿನ ಸದಸ್ಯನಾಗಬೇಕೆಂಬ ಆಸೆಯನ್ನು ಯುವಕ ಒಮ್ಮೆ ಹೇಳಿಕೊಂಡಾಗ, ಅಂಚೆ ಗುಮಾಸ್ತರು ಅಲ್ಲಿಗೆ ಹೋದದ್ದು ಕಡಿಮೆಯೇ ಎಂದು ಸೋದರ ಸಂಬಂಧದ ಹಿರಿಯರೊಬ್ಬರು ಕುಹಕವಾಡಿದರಂತೆ. ಮೂವತ್ತು ವರ್ಷಗಳ ನಂತರವೂ ಆ ಮಾತು ಅವರ ಮನಸ್ಸಿನಿಂದ ಅಳಿದಿರಲಿಲ್ಲ.

ಅಂಚೆ ಇಲಾಖೆಯಲ್ಲಿ ಅವರದು ದಕ್ಷ ಸೇವೆ. ಬ್ರಿಟನ್ನಿನಲ್ಲಿ ರಸ್ತೆಬದಿಯ ಅಂಚೆ ಪೆಟ್ಟಿಗೆ ಬರಲು ಕಾರಣರಾದವರು ಅವರೇ; 1852ರಲ್ಲಿ ಜರ್ಸಿ ದ್ವೀಪದಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ಭಾರತದ ಕಡೆಗೆ ಹೊರಟ ಟಪಾಲನ್ನು ಈಜಿಪ್ಟಿನಲ್ಲಿ ರೈಲಿನ ಮೂಲಕ ಸಾಗಿಸುವ ಒಪ್ಪಂದಕ್ಕಾಗಿ 1858ರಲ್ಲಿ ಅಲ್ಲಿಗೆ ಹೋಗಿದ್ದವರೂ ಅವರೇ. ಕಚೇರಿಗೆ ಮುನ್ನ, ನಸುಕಿನ ಐದೂವರೆಗೆ ಎದ್ದು, ಗಡಿಯಾರ ಮುಂದಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳಂತೆ ಬರೆಯುತ್ತಿದ್ದರು. ಒಟ್ಟು 47 ಕಾದಂಬರಿಗಳು ಹೀಗೆ ಹುಟ್ಟಿದವು. 1867ರಲ್ಲಿ, ಪಿಂಚಣಿಗೂ ಕಾಯದೆ, ಅವರು ರಾಜೀನಾಮೆ ಕೊಟ್ಟರು. ಮರುವರ್ಷ ಬೆವರ್ಲಿ.

ಆಗ ಮತದಾನ ಬಹಿರಂಗವಾಗಿತ್ತು. ಮತದಾರ ಎಲ್ಲರ ಎದುರು ಅಭ್ಯರ್ಥಿಯ ಹೆಸರು ಹೇಳಬೇಕಿತ್ತು. ಆದ್ದರಿಂದ ಹಣ ಕೊಟ್ಟವನಿಗೆ ತಾನು ಕೊಂಡ ಸರಕು ಕೈಗೆ ಬಂದಿತೇ ಎಂದು ಖಾತ್ರಿ ಮಾಡಿಕೊಳ್ಳುವುದು ಸುಲಭ. ಬೆವರ್ಲಿಯಲ್ಲಿ ಈ ವ್ಯಾಪಾರ ತಲೆಮಾರುಗಳಿಂದ ನಡೆದು ಬಂದಿತ್ತು. ಯಾವ ಪಕ್ಷದ ಹಂಗೂ ಇಲ್ಲದೆ ಹೆಚ್ಚು ಕೊಟ್ಟವರತ್ತ ಉರುಳುವ ಮತದಾರರಿಗೆ ಊರಿನಲ್ಲಿ ರೋಲಿಂಗ್ ಸ್ಟಾಕ್ ಎಂಬ ಅಡ್ಡಹೆಸರೇ ಇತ್ತು. ರೈಲು ಬೋಗಿಗಳಿಗೆ ಬಳಸುವ ಮಾತದು. 1857ರಿಂದ ಅಲ್ಲಿನ ಸದಸ್ಯರಾಗಿದ್ದ ಕನ್ಸರ್ವೇಟಿವ್ ನಾಯಕ ಸರ್ ಹೆನ್ರಿ ಎಡ್ವರ್ಡ್ಸ್ ಊರಿನ ಗಾಡಿ ತಯಾರಿಕಾ ಕಂಪನಿಯ ಅಧ್ಯಕ್ಷರೂ ಆಗಿದ್ದರೆಂಬುದು ಕಾಕತಾಳೀಯ. ಈ ಬಾರಿಯ ಜಾಣತನವೆಂದರೆ, ಹಣ ಹಂಚಿದ್ದು ಪಾರ್ಲಿಮೆಂಟ್ ಚುನಾವಣೆಯ ದಿನವಲ್ಲ, ಅದಕ್ಕೂ ಎರಡು ವಾರ ಮೊದಲು ನಡೆದ ಪುರಸಭಾ ಚುನಾವಣೆಯಲ್ಲಿ.

ಊರಿಗೆ ಕಾಲಿಟ್ಟಾಗಲೇ ಸ್ಥಳೀಯ ಕಾರ್ಯಕರ್ತರೊಬ್ಬರು ಟ್ರಾಲಪ್ ಅವರಿಗೆ ಭವಿಷ್ಯ ನುಡಿದಿದ್ದರು. ನೀವು ಗೆಲ್ಲುವುದಿಲ್ಲ, ಸಾವಿರ ಪೌಂಡ್ ಕಳೆದುಕೊಳ್ಳುತ್ತೀರಿ, ಆಮೇಲೆ ತಕರಾರು ಅರ್ಜಿ, ಆಯೋಗ, ಕೊನೆಗೆ ಊರು ತನ್ನ ಸ್ಥಾನವನ್ನೇ ಕಳೆದುಕೊಳ್ಳುತ್ತದೆ, ಹೊಸಬರಿಗೆ ಅದೇ ದೊಡ್ಡ ಸಾಧನೆ ಎಂಬುದು ಅದರ ಸಾರ. ಖರ್ಚು 400 ಪೌಂಡ್‌ಗೆ ನಿಂತಿತೆಂಬುದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಅಕ್ಷರಶಃ ನಿಜವಾಯಿತು.

ಮನೆ ಮನೆ ತಿರುಗಿದ ಆ ದಿನಗಳು ತಮ್ಮ ಪ್ರೌಢ ಜೀವನದ ಅತ್ಯಂತ ಕೆಟ್ಟ ಹದಿನೈದು ದಿನಗಳೆಂದು ಅವರು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಅವರ ರಾಜಕೀಯ ವಿಚಾರಗಳನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಆದರೆ ಅವರನ್ನು ಘಾಸಿಗೊಳಿಸಿದ್ದು ಲಂಚಕ್ಕಿಂತ ಮಿಗಿಲಾಗಿ ಇನ್ನೊಂದು ಸಂಗತಿ: ಶುದ್ಧ ಚುನಾವಣೆ ಎಂಬ ಮಾತೇ ಅಲ್ಲಿ ನಗೆಪಾಟಲಾಗಿತ್ತು. ಪ್ರಾಮಾಣಿಕತೆಯನ್ನು ಊರಿನವರು ತಮ್ಮ ಹಕ್ಕಿಗೆ ಬಂದ ಕುತ್ತೆಂದೇ ಭಾವಿಸಿದ್ದರು.

ಎಡ್ವರ್ಡ್ಸ್ 1132 ಮತ್ತು ಅವರ ಜೊತೆಗಾರ ಕೆನ್ನಾರ್ಡ್ 986 ಮತ ಪಡೆದು ಗೆದ್ದರು. ಟ್ರಾಲಪ್ ಅವರ ಪಕ್ಷದ ಮ್ಯಾಕ್ಸ್‌ವೆಲ್ 895ಕ್ಕೆ ನಿಂತರು. ಆದರೆ ಅದೇ ವರ್ಷದ ಹೊಸ ಕಾಯ್ದೆಯೊಂದು ಚುನಾವಣಾ ತಕರಾರುಗಳ ವಿಚಾರಣೆಯನ್ನು ಪಾರ್ಲಿಮೆಂಟಿನ ಸಮಿತಿಗಳಿಂದ ಕಿತ್ತು ನ್ಯಾಯಾಧೀಶರ ಕೈಗೆ ಒಪ್ಪಿಸಿತ್ತು. 1869ರಲ್ಲಿ ನ್ಯಾಯಾಧೀಶ ಮಾರ್ಟಿನ್ ಅವರು ಪುರಸಭೆಯ ಹೆಸರಿನ ಹಣ ಪಾರ್ಲಿಮೆಂಟಿಗಾಗಿಯೇ ಹರಿದದ್ದೆಂದು ಕಂಡುಕೊಂಡು ಇಬ್ಬರ ಆಯ್ಕೆಯನ್ನೂ ರದ್ದುಪಡಿಸಿದರು. ರಾಯಲ್ ಕಮಿಷನ್ ಬಂದು ಊರಿನ ಹಳೆಯ ಕಡತಗಳನ್ನೆಲ್ಲ ಕೆದಕಿತು; ಲಿಬರಲ್ ಪಾಳಯದ ಕೈಗಳೂ ಪೂರ್ತಿ ಶುಭ್ರವಾಗಿರಲಿಲ್ಲವೆಂಬುದು ಹೊರಬಿತ್ತು. 1870ರಲ್ಲಿ ಬೆವರ್ಲಿ ತನ್ನ ಎರಡೂ ಸ್ಥಾನಗಳನ್ನು ಕಳೆದುಕೊಂಡಿತು.

ಟ್ರಾಲಪ್ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಆ ಊರನ್ನೇ ಪರ್ಸಿಕ್ರಾಸ್ ಎಂದು ಹೆಸರು ಬದಲಿಸಿ 1871ರ 'ರಾಲ್ಫ್ ದಿ ಏರ್' ಕಾದಂಬರಿಯಲ್ಲಿ ಕಟ್ಟಿದರು. ಅಲ್ಲಿ ಶುದ್ಧ ಚುನಾವಣೆಯ ಕನಸು ಹೊತ್ತು ಸೋಲುವವನು ಆಂಟೇರಿಯೊ ಮಾಗ್ಸ್ ಎಂಬ, ಬೂಟು ತಯಾರಕನ ಮಗ. ಟ್ರಾಲಪ್ ಅವನನ್ನು ನೋಡಿ ನಗುತ್ತಾರೆ, ಆದರೆ ಅವನ ಮೇಲೆ ಅವರಿಗೆ ಮಮತೆಯಿದೆ.

ವಿಚಿತ್ರವೆಂದರೆ, ಈ ರೋಗಕ್ಕೆ ಮದ್ದಾಗಿ 1872ರಲ್ಲಿ ಬಂದ ಗುಪ್ತ ಮತದಾನ ಟ್ರಾಲಪ್ ಅವರಿಗೆ ಒಪ್ಪಿಗೆಯಿರಲಿಲ್ಲ. ಗಂಡಸಾದವನು ತನ್ನ ಮತವನ್ನು ಬಚ್ಚಿಡಬಾರದೆಂಬುದು ಅವರ ನಿಲುವು. ಬೆವರ್ಲಿಯಲ್ಲೂ ಅದನ್ನು ಮುಚ್ಚಿಡದೆ ಮತದಾರರ ಅಸಮಾಧಾನಕ್ಕೆ ಗುರಿಯಾಗಿದ್ದರು. ಲಂಚವನ್ನು ಅಷ್ಟು ಹತ್ತಿರದಿಂದ ಕಂಡವರು ಹೀಗೆ ಯೋಚಿಸಿದ್ದೇಕೆ ಎಂಬುದು ಇಂದಿನ ಓದುಗರಿಗೆ ಒಗಟಾಗಿ ತೋರಬಹುದು.

1882ರ ಡಿಸೆಂಬರ್ 6ರಂದು ಟ್ರಾಲಪ್ ತೀರಿಕೊಂಡರು. ಅಭ್ಯರ್ಥಿಗಳ ಖರ್ಚಿಗೆ ಮಿತಿ ಹಾಕಿದ ಭ್ರಷ್ಟಾಚರಣೆ ತಡೆ ಕಾಯ್ದೆ ಪಾರ್ಲಿಮೆಂಟಿನಲ್ಲಿ ಅಂಗೀಕಾರವಾದದ್ದು 1883ರಲ್ಲಿ. ಭಾರತದ 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯಲ್ಲಿರುವ ಭ್ರಷ್ಟ ಆಚರಣೆಗಳ ಕಲ್ಪನೆಗೂ ಆ ಕಾನೂನು ಪರಂಪರೆಯೇ ಮೂಲ. ಬೆವರ್ಲಿಯ ಕಥೆಯನ್ನು ಬಿಚ್ಚಿಟ್ಟ ಟ್ರಾಲಪ್ ಅವರ ಆತ್ಮಕಥೆ ಅಚ್ಚಾಗಿ ಹೊರಬಂದದ್ದೂ ಅದೇ 1883ರಲ್ಲಿ, ಅವರ ಮರಣಾನಂತರ.